ಶಸ್ತ್ರ ಖರೀದಿಯ ದಾರಿಗಳನ್ನು ತೂಗುವುದು ಹೇಗೆ? ಲೆಕ್ಕ ಸಮೇತ ಒಂದು ಮಾರ್ಗದರ್ಶಿ

ಬೋರ್‌ವೆಲ್‌ಗೆ ಮೋಟಾರು ಇಳಿಸಿದ ಹೊಳಲ್ಕೆರೆ, ಹಿರಿಯೂರು ಕಡೆಯ ರೈತರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಗಡಿಯವನು ಹೇಳುವ ರೇಟು ಮೊದಲ ಖರ್ಚು ಮಾತ್ರ. ಆಮೇಲೆ ಕೇಬಲ್ಲು, ಪೈಪು ಎತ್ತುವ ಕೂಲಿ, ವರ್ಷಕ್ಕೊಮ್ಮೆ ರಿವೈಂಡಿಂಗು. ಎಲ್ಲಕ್ಕಿಂತ ದೊಡ್ಡದು, ಬೇಸಿಗೆಯಲ್ಲಿ ಮೋಟಾರು ಸುಟ್ಟು ತೋಟ ಒಣಗಿದ ಹತ್ತು ದಿನ. ಆ ದಿನಗಳಿಗೆ ಯಾರೂ ಬಿಲ್ಲು ಕೊಡುವುದಿಲ್ಲ, ಆದರೆ ದುಡ್ಡು ಹೋಗಿರುತ್ತದೆ.

ಫಿರಂಗಿ, ಯುದ್ಧವಿಮಾನ, ಜಲಾಂತರ್ಗಾಮಿಗಳ ಲೆಕ್ಕವೂ ಇದೇ, ಸೊನ್ನೆಗಳು ಹೆಚ್ಚು ಅಷ್ಟೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಪಕ್ಕ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇರುವುದರಿಂದ, ಡ್ರೋನ್ ಎಂದರೇನು, ಅದು ಹಾರುವುದು ಬೀಳುವುದು ಹೇಗೆ ಎಂಬುದನ್ನು ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. ‘ಇಷ್ಟು ವರ್ಷ ಕಷ್ಟಪಡುವ ಬದಲು ಹೊರಗಿನಿಂದ ಕೊಂಡರೆ ಆಗದೇ’ ಎಂಬ ಪ್ರಶ್ನೆಯೂ ಇಲ್ಲಿ ಹೊಸದಲ್ಲ. ಆ ಪ್ರಶ್ನೆಗೆ ಅಭಿಪ್ರಾಯದಿಂದಲ್ಲದೆ ಲೆಕ್ಕದಿಂದ ಉತ್ತರ ಹುಡುಕುವವರಿಗಾಗಿ ಈ ಬರಹ: ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ರಕ್ಷಣಾ ಆರ್ಡರ್ ಹಿಡಿಯಬಹುದೇ ಎಂದು ಯೋಚಿಸುವ ಹರಿಹರ–ದಾವಣಗೆರೆಯ ವರ್ಕ್‌ಶಾಪಿನವರು. ಬೇಕಾದ ಸಾಮಗ್ರಿ ಒಂದು ಎಕ್ಸೆಲ್ ಹಾಳೆ, ಇಲ್ಲವೇ ಗೆರೆ ಹಾಕಿದ ಲೆಡ್ಜರ್ ಪುಸ್ತಕ.

ಹಂತ 1: ವಸ್ತುವಿನ ಹೆಸರು ಬರೆಯಬೇಡಿ, ಕೆಲಸ ಬರೆಯಿರಿ

‘ನೂರು ಫಿರಂಗಿ ಬೇಕು’ ಎಂದು ಶುರುಮಾಡಿದರೆ ಅರ್ಧ ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ಹಾಳೆಯ ತಲೆಯಲ್ಲಿ ನಾಲ್ಕು ಅಂಶ ಇರಲಿ: ಯಾವ ಕೆಲಸ ಆಗಬೇಕು (ಎಷ್ಟು ದೂರಕ್ಕೆ, ಯಾವ ನೆಲದಲ್ಲಿ, ಎಷ್ಟು ಎತ್ತರದಲ್ಲಿ), ಏಕಕಾಲಕ್ಕೆ ಎಷ್ಟು ಸಿದ್ಧವಿರಬೇಕು, ಯಾವ ವರ್ಷದೊಳಗೆ, ಎಷ್ಟು ವರ್ಷ ಬಳಕೆ. ಸೇನೆಯ ಭಾಷೆಯಲ್ಲಿ ಇದರ ವಿಸ್ತೃತ ರೂಪವೇ ಎಸ್‌ಕ್ಯುಆರ್, ಅಂದರೆ ಸೇವಾ ಗುಣಮಟ್ಟದ ಅಗತ್ಯಗಳ ಪಟ್ಟಿ.

ಖರೀದಿ ಕೆಡುವುದು ಬಹಳ ಸಲ ಇಲ್ಲೇ. ಮೂರು ಬಗೆಯ ತಪ್ಪು ನೋಡಿ. ಒಂದೇ ರೈಫಲ್ ಬ್ಯಾರೆಲ್ ಬದಲಿಸಿ ಎರಡು ಕ್ಯಾಲಿಬರಿನ ಗುಂಡು ಹಾರಿಸಬೇಕೆಂದು ಸೇನೆ 2011ರಲ್ಲಿ ಟೆಂಡರ್ ಕರೆಯಿತು. ಪಟ್ಟಿಯಲ್ಲಿದ್ದುದೆಲ್ಲ ಒಂದೇ ಬಂದೂಕಿನಲ್ಲಿ ಸಿಗಲಿಲ್ಲ, 2015ರಲ್ಲಿ ಟೆಂಡರ್ ರದ್ದಾಯಿತು. ನಾಲ್ಕು ವರ್ಷ ಹೋಯಿತು, ಒಂದು ಬಂದೂಕೂ ಬರಲಿಲ್ಲ. ಎರಡನೆಯದು ಗಣ್ಯರ ಹೆಲಿಕಾಪ್ಟರ್. 6,000 ಮೀಟರ್ ಎತ್ತರಕ್ಕೆ ಏರಬೇಕೆಂಬ ಷರತ್ತನ್ನು 4,500 ಮೀಟರಿಗೆ ಇಳಿಸಿದ್ದೇ ಮುಂದೆ ವಿವಾದದ ಕೇಂದ್ರವಾಯಿತು, 2010ರ ಆ ಒಪ್ಪಂದ 2014ರ ಜನವರಿಯಲ್ಲಿ ರದ್ದಾಯಿತು. ಷರತ್ತು ತೀರ ಬಿಗಿಯಾದರೆ ಒಬ್ಬನೇ ಮಾರಾಟಗಾರ ಉಳಿಯುತ್ತಾನೆ. ನಡುದಾರಿಯಲ್ಲಿ ಸಡಿಲಿಸಿದರೆ ಯಾರಿಗಾಗಿ ಸಡಿಲಿಸಿದರು ಎಂಬ ಪ್ರಶ್ನೆ ಏಳುತ್ತದೆ. ಮೂರನೆಯದು ನಮ್ಮ ತಲೆಯ ಮೇಲೆಯೇ ಹಾರಿದ್ದು. ತಾಪಸ್ ಡ್ರೋನ್ 30,000 ಅಡಿ ಎತ್ತರದಲ್ಲಿ 24 ಗಂಟೆ ಹಾರಬೇಕಿತ್ತು. ಪರೀಕ್ಷೆಯಲ್ಲಿ ಮುಟ್ಟಿದ್ದು ಸುಮಾರು 28,000 ಅಡಿ, 18 ಗಂಟೆ. ಕೊರತೆ ಎತ್ತರದಲ್ಲಿ ಸಣ್ಣದು, ಗಂಟೆಯಲ್ಲಿ ಕಾಲುಭಾಗ. ಇಂಥಲ್ಲಿ ‘ಪಾಸೋ ಫೇಲೋ’ ಎಂದಷ್ಟೇ ಬರೆದರೆ ಹೋಲಿಕೆ ಮಾಡಿದಂತಾಗಲಿಲ್ಲ. ಪ್ರತಿ ಅಂಶಕ್ಕೂ ‘ಇಲ್ಲದಿದ್ದರೆ ಬೇಡವೇ ಬೇಡ’ ಮತ್ತು ‘ಇದ್ದರೆ ಒಳ್ಳೆಯದು’ ಎಂದು ಎರಡು ಕಾಲಂ ಇರಲಿ, ಮೊದಲ ಕಾಲಂನಲ್ಲಿ ಆರೇಳಕ್ಕಿಂತ ಹೆಚ್ಚು ಸಾಲು ಬೇಡ.

ಹಂತ 2: ದಾರಿಗಳನ್ನು ಹೆಸರಿಸಿ

ಭಾರತದಲ್ಲಿ ಮೊದಲ ರಕ್ಷಣಾ ಖರೀದಿ ಕಾರ್ಯವಿಧಾನ ಬಂದದ್ದು 2002ರಲ್ಲಿ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಡಿಎಪಿ 2020 (ರಕ್ಷಣಾ ಖರೀದಿ ಕಾರ್ಯವಿಧಾನದ ಹೊಸ ರೂಪ) ಖರೀದಿಗೆ ಆದ್ಯತೆಯ ಏಣಿಯನ್ನೇ ಹಾಕಿಕೊಟ್ಟಿತು. ಮೇಲಿನ ಮೆಟ್ಟಿಲು ‘ಬೈ ಇಂಡಿಯನ್–ಐಡಿಡಿಎಂ’: ವಿನ್ಯಾಸ, ಅಭಿವೃದ್ಧಿ, ತಯಾರಿಕೆ ಮೂರೂ ದೇಶದ್ದು, ಕನಿಷ್ಠ ಶೇ 50 ದೇಶಿ ಅಂಶ. ಅದರ ಕೆಳಗೆ ‘ಬೈ ಇಂಡಿಯನ್’: ವಿನ್ಯಾಸ ಹೊರಗಿನದಾದರೆ ದೇಶಿ ಅಂಶ ಶೇ 60. ಆಮೇಲೆ ‘ಬೈ ಆ್ಯಂಡ್ ಮೇಕ್ ಇಂಡಿಯನ್’, ‘ಬೈ ಗ್ಲೋಬಲ್ – ಭಾರತದಲ್ಲಿ ತಯಾರಿಕೆ’, ಕೊನೆಗೆ ನೇರ ‘ಬೈ ಗ್ಲೋಬಲ್’. ಒಪ್ಪಂದದ ದಿನ ಯಾವ ಆವೃತ್ತಿ ಜಾರಿಯಲ್ಲಿತ್ತೋ ಅದರ ನಿಯಮದಿಂದಲೇ ಅಳೆಯಬೇಕು. 2007ರ ಟೆಂಡರನ್ನು 2020ರ ನಿಯಮದಿಂದ ಬಯ್ಯುವುದು ಅನ್ಯಾಯ.

ಹೋಲಿಕೆಗೆ ಈ ವರ್ಗಗಳನ್ನು ಐದು ಮುಖ್ಯ ದಾರಿಗಳಾಗಿ ಒಟ್ಟುಮಾಡಿಕೊಂಡರೆ ಸಾಕು. ಸಿದ್ಧವಸ್ತು ಆಮದು ಒಂದು. ಸರ್ಕಾರದಿಂದ ಸರ್ಕಾರಕ್ಕೆ ಎರಡು: 2016ರ ಸೆಪ್ಟೆಂಬರಿನ 36 ರಫೇಲ್, ಅಮೆರಿಕದ ಎಫ್‌ಎಂಎಸ್ (ಬೇರೆ ದೇಶಗಳಿಗೆ ಸರ್ಕಾರವೇ ಶಸ್ತ್ರ ಮಾರುವ ವ್ಯವಸ್ಥೆ) ಮೂಲಕ 2016ರ ನವೆಂಬರಿನಲ್ಲಿ ಒಪ್ಪಂದವಾದ 145 ಎಂ777 ಹಗುರ ಫಿರಂಗಿ. ಲೈಸೆನ್ಸ್ ಪಡೆದು ಇಲ್ಲಿ ತಯಾರಿಕೆ ಮೂರು: ಅಮೇಠಿಯ ಕೊರ್ವಾದ ಎಕೆ-203 ರೈಫಲ್. ಜಂಟಿ ಅಭಿವೃದ್ಧಿ ನಾಲ್ಕು: 1998ರಲ್ಲಿ ರಷ್ಯಾದೊಂದಿಗೆ ಶುರುವಾದ ಬ್ರಹ್ಮೋಸ್. ಪೂರ್ತಿ ದೇಶಿ ಅಭಿವೃದ್ಧಿ ಐದು: ತೇಜಸ್, ಎಟಿಎಜಿಎಸ್ ಫಿರಂಗಿ. ಬಾಡಿಗೆ ಎಂಬ ಆರನೆಯ ಸಣ್ಣ ಓಣಿಯೂ ಇದೆ. ನೌಕಾಪಡೆ 2020ರಲ್ಲಿ ಎರಡು ಸೀಗಾರ್ಡಿಯನ್ ಡ್ರೋನ್ ಬಾಡಿಗೆಗೆ ತಂದು ಹಾರಿಸಿ ನೋಡಿತು, 2024ರ ಅಕ್ಟೋಬರಿನಲ್ಲಿ ಮೂರೂ ಪಡೆಗಳಿಗೆ ಸೇರಿ 31ಕ್ಕೆ ಒಪ್ಪಂದವಾಯಿತು. ಕೊಳ್ಳುವ ಮುಂಚೆ ಒಂದು ಹಂಗಾಮು ಬಾಡಿಗೆ ಟ್ರ್ಯಾಕ್ಟರಲ್ಲಿ ಉಳುಮೆ ಮಾಡಿಸಿದಂತೆ.

ಹಂತ 3: ಬುಟ್ಟಿ ಒಂದೇ ಇರಲಿ

ಪತ್ರಿಕೆಯ ತಲೆಬರಹದ ಎರಡು ಮೊತ್ತಗಳನ್ನು ಹಾಗೇ ಪಕ್ಕಪಕ್ಕ ಇಡುವುದು ಅತಿ ಸಾಮಾನ್ಯ ತಪ್ಪು. ರಫೇಲ್ ಒಪ್ಪಂದ ಸುಮಾರು 787 ಕೋಟಿ ಯೂರೊ. 36ರಿಂದ ಭಾಗಿಸಿ ‘ಒಂದು ವಿಮಾನಕ್ಕೆ ಇಷ್ಟು’ ಎಂದವರು ಬಹಳ. ಆದರೆ ಆ ಮೊತ್ತದೊಳಗೆ ಕ್ಷಿಪಣಿಗಳಿದ್ದವು, ಭಾರತಕ್ಕೆಂದೇ ಮಾಡಿಸಿದ ಮಾರ್ಪಾಡುಗಳಿದ್ದವು, ಬಿಡಿಭಾಗಗಳಿದ್ದವು, ಐದು ವರ್ಷ ಶೇ 75 ವಿಮಾನಗಳು ಹಾರಲು ಸಿದ್ಧವಿರಬೇಕೆಂಬ ನಿರ್ವಹಣಾ ಕರಾರೂ ಇತ್ತು. ಇದನ್ನು ಬರೀ ವಿಮಾನದ ಬೆಲೆಯೊಂದಿಗೆ ಹೋಲಿಸಿದರೆ ಮದುವೆ ಊಟದ ಖರ್ಚನ್ನು ಬರೀ ಅಕ್ಕಿಯ ಬೆಲೆಯೊಂದಿಗೆ ಹೋಲಿಸಿದಂತೆ.

ಆದ್ದರಿಂದ ಪ್ರತಿ ದಾರಿಗೂ ಇವೇ ಏಳು ಸಾಲು: ಅಭಿವೃದ್ಧಿ ಅಥವಾ ಲೈಸೆನ್ಸ್ ಶುಲ್ಕ, ಮೂಲ ಬೆಲೆ, ಮದ್ದುಗುಂಡು, ತರಬೇತಿ–ಸಿಮ್ಯುಲೇಟರ್–ಶೆಡ್ಡು, ವಾರ್ಷಿಕ ನಿರ್ವಹಣೆ, ಮಧ್ಯಾವಧಿ ನವೀಕರಣ, ಹೊಸದು ಬರುವ ತನಕ ಹಳೆಯದನ್ನು ಎಳೆದುಕೊಂಡು ಹೋಗುವ ಖರ್ಚು. ಈ ಕೊನೆಯ ಸಾಲನ್ನು ಬಿಡುವವರೇ ಹೆಚ್ಚು. ಎಲ್ಲ ವಿದೇಶಿ ಬೆಲೆಗೂ ಒಂದೇ ದಿನದ ವಿನಿಮಯ ದರ ಹಾಕಿ, ದಿನಾಂಕವನ್ನು ಹಾಳೆಯಲ್ಲೇ ಬರೆದಿಡಿ. ತೆರಿಗೆ, ಸುಂಕ ಸೇರಿಸುವುದಾದರೆ ಎಲ್ಲದಕ್ಕೂ ಸೇರಿಸಿ, ಬಿಡುವುದಾದರೆ ಎಲ್ಲದಕ್ಕೂ ಬಿಡಿ.

‘ಪುಕ್ಕಟೆ’ ಎಂಬ ಪದ ಕಂಡರೆ ಎಚ್ಚರ. ಅಡ್ಮಿರಲ್ ಗೋರ್ಷ್‌ಕೋವ್ ಎಂಬ ವಿಮಾನವಾಹಕ ಹಡಗಿನ ಒಡಲಿಗೆ ರಷ್ಯಾ ಬೆಲೆ ಕಟ್ಟಲಿಲ್ಲ, ದುರಸ್ತಿಗಷ್ಟೇ 97.4 ಕೋಟಿ ಡಾಲರ್ ಎಂದು 2004ರಲ್ಲಿ ಒಪ್ಪಂದ. ಬಿಚ್ಚಿ ನೋಡಿದಾಗ ಬದಲಿಸಬೇಕಾದ ವೈರು, ತಗಡು ಅಂದಾಜಿಗಿಂತ ಬಹಳ ಇತ್ತು. ಬಿಲ್ಲು 235 ಕೋಟಿ ಡಾಲರಿಗೆ ಏರಿತು, 2008ಕ್ಕೆ ಬರಬೇಕಿದ್ದ ಹಡಗು ಐಎನ್‌ಎಸ್ ವಿಕ್ರಮಾದಿತ್ಯ ಎಂದು ಸೇವೆಗೆ ಸೇರಿದ್ದು 2013ರ ನವೆಂಬರಿನಲ್ಲಿ. ಹಳೆ ಲಾರಿ ಚಾಸಿ ತಂದು ಬಾಡಿ ಕಟ್ಟಿಸಿದವರಿಗೆ ಇದರ ಮರ್ಮ ಗೊತ್ತು: ಬಿಚ್ಚುವ ಮೊದಲು ಕೊಟ್ಟ ಅಂದಾಜು ಅಂದಾಜೇ ಅಲ್ಲ.

ಹಂತ 4: ಸಿದ್ಧವಿದ್ದ ವರ್ಷಕ್ಕೆ ಎಷ್ಟು? ಮಾದರಿ ಲೆಕ್ಕ

ಕೆಳಗಿನ ಅಂಕಿಗಳು ವಿಧಾನ ತೋರಿಸಲು ಊಹಿಸಿಕೊಂಡವು, ಯಾವುದೇ ನಿಜ ಒಪ್ಪಂದದವಲ್ಲ. 100 ಫಿರಂಗಿ, 25 ವರ್ಷದ ಅವಧಿ, ಎಲ್ಲ ಮೊತ್ತ ಕೋಟಿ ರೂಪಾಯಿಯಲ್ಲಿ, ಮದ್ದುಗುಂಡಿನ ಖರ್ಚು ಆಮದು, ಲೈಸೆನ್ಸ್, ದೇಶಿ ಮೂರಕ್ಕೂ ಸಮ ಎಂದು ಬಿಟ್ಟಿದೆ. ಹೊಸ ಫಿರಂಗಿ ಬರುವ ತನಕ ಹಳೆಯ ನೂರು ಫಿರಂಗಿಗಳಿಗೆ ವರ್ಷಕ್ಕೆ 100 ಕೋಟಿ ಖರ್ಚು, ಅವುಗಳಲ್ಲಿ ಯಾವಾಗಲೂ ಸಿದ್ಧವಿರುವುದು ಶೇ 40. ಒಂದು ಫಿರಂಗಿ ಒಂದು ವರ್ಷ ಸಿದ್ಧವಿದ್ದರೆ ಅದು ಒಂದು ‘ಫಿರಂಗಿ-ವರ್ಷ’.

ಆಮದು: ಬೆಲೆ 2,000, ತರಬೇತಿ–ಶೆಡ್ಡು 200, ನವೀಕರಣ 600. ಎರಡು ವರ್ಷದಲ್ಲಿ ಬರುತ್ತದೆ. ಉಳಿದ 23 ವರ್ಷ ನಿರ್ವಹಣೆ ವರ್ಷಕ್ಕೆ 120ರಂತೆ 2,760. ಹಳೆಯದಕ್ಕೆ 200. ಒಟ್ಟು 5,760. ಬಿಡಿಭಾಗ ಹೊರಗಿನಿಂದ ಬರಬೇಕಾದ್ದರಿಂದ ಶೇ 60 ಮಾತ್ರ ಸಿದ್ಧ: 1,380 ಫಿರಂಗಿ-ವರ್ಷ, ಹಳೆಯದರಿಂದ 80, ಒಟ್ಟು 1,460. ಒಂದು ಫಿರಂಗಿ-ವರ್ಷಕ್ಕೆ 3.95 ಕೋಟಿ.

ಲೈಸೆನ್ಸ್ ತಯಾರಿಕೆ: ಬೆಲೆ 2,400, ಲೈಸೆನ್ಸ್ ಮತ್ತು ಕಾರ್ಖಾನೆ 300, ತರಬೇತಿ 150, ನವೀಕರಣ 450. ಮೂರು ವರ್ಷ ತಡ. 22 ವರ್ಷ ನಿರ್ವಹಣೆ 90ರಂತೆ 1,980, ಹಳೆಯದಕ್ಕೆ 300. ಒಟ್ಟು 5,580. ಶೇ 75 ಸಿದ್ಧ: 1,650, ಹಳೆಯದರಿಂದ 120, ಒಟ್ಟು 1,770. ಒಂದಕ್ಕೆ 3.15 ಕೋಟಿ.

ದೇಶಿ ಅಭಿವೃದ್ಧಿ: ಸಂಶೋಧನೆ 700, ಬೆಲೆ 2,100, ತರಬೇತಿ 150, ನವೀಕರಣ 300. ಆರು ವರ್ಷ ತಡ. 19 ವರ್ಷ ನಿರ್ವಹಣೆ 80ರಂತೆ 1,520, ಹಳೆಯದಕ್ಕೆ 600. ಒಟ್ಟು 5,370. ಶೇ 75 ಸಿದ್ಧ: 1,425, ಹಳೆಯದರಿಂದ 240, ಒಟ್ಟು 1,665. ಒಂದಕ್ಕೆ 3.23 ಕೋಟಿ.

ಅಂಗಡಿ ರೇಟಿನಲ್ಲಿ ಅತಿ ಅಗ್ಗವಾಗಿದ್ದ ಆಮದು ಇಲ್ಲಿ ಅತಿ ದುಬಾರಿ. ಇಷ್ಟಕ್ಕೇ ಪೆನ್ನು ಕೆಳಗಿಟ್ಟು ‘ದೇಶಿಯೇ ಸರಿ’ ಎಂದುಬಿಡಬೇಡಿ.

ಹಂತ 5: ಲೆಕ್ಕವನ್ನು ಅಲುಗಾಡಿಸಿ

ದೇಶಿ ಅಭಿವೃದ್ಧಿ ಆರರ ಬದಲು ಹತ್ತು ವರ್ಷ ತಡವಾಯಿತು ಎನ್ನಿ. ಒಟ್ಟು ಖರ್ಚು 5,450, ಫಿರಂಗಿ-ವರ್ಷ 1,525. ಒಂದಕ್ಕೆ 3.57 ಕೋಟಿ. ಇತ್ತ ಆಮದಿನವನಿಗೆ ‘ಶೇ 75 ಸಿದ್ಧವಿರಲೇಬೇಕು, ಇಲ್ಲದಿದ್ದರೆ ದಂಡ’ ಎಂದು ಕರಾರು ಹಾಕಿ, ಅದಕ್ಕಾಗಿ ನಿರ್ವಹಣೆಯನ್ನು 120ರಿಂದ 135ಕ್ಕೆ ಏರಿಸಿ. ಒಟ್ಟು 6,105, ಫಿರಂಗಿ-ವರ್ಷ 1,805. ಒಂದಕ್ಕೆ 3.38 ಕೋಟಿ. ಈಗ ದೇಶಿಗಿಂತ ಆಮದೇ ಅಗ್ಗ! ಖರೀದಿಯ ವಾದಗಳಲ್ಲಿ ಬಹುಪಾಲು ಜಗಳ ನಿಜವಾಗಿ ಈ ಎರಡು ಅಂಕಿಗಳ ಮೇಲೆ: ಎಷ್ಟು ತಡ, ಎಷ್ಟು ಶೇಕಡ ಸಿದ್ಧ. ಬೆಲೆಯ ಮೇಲೆ ಕೂಗಾಡುವವರು ತಪ್ಪು ಸಾಲಿನ ಮೇಲೆ ಬೆರಳಿಟ್ಟಿರುತ್ತಾರೆ.

ತಡ ಎಂಬುದು ಕಾಲ್ಪನಿಕ ಭಯವಲ್ಲ. ಅರ್ಜುನ್ ಟ್ಯಾಂಕಿಗೆ ಮಂಜೂರಾತಿ ಸಿಕ್ಕಿದ್ದು 1974ರಲ್ಲಿ, ಆದರೂ 2001ರಲ್ಲಿ 310 ಟಿ-90 ಟ್ಯಾಂಕುಗಳನ್ನು ರಷ್ಯಾದಿಂದ ಕೊಳ್ಳಬೇಕಾಯಿತು. ಆಮದಿಗೆ ತಡವೇ ಇಲ್ಲ ಎಂಬುದೂ ಸುಳ್ಳು. 126 ಯುದ್ಧವಿಮಾನಗಳ ಟೆಂಡರ್ ಹೊರಟಿದ್ದು 2007ರಲ್ಲಿ, ರಫೇಲ್ ಅತಿ ಕಡಿಮೆ ಬೆಲೆಯದೆಂದು ಗೊತ್ತಾದದ್ದು 2012ರಲ್ಲಿ. ಆ ಮಾತುಕತೆ ಮುರಿದು, ಬೇರೆ ದಾರಿಯಲ್ಲಿ ಮೊದಲ ಐದು ವಿಮಾನ ಅಂಬಾಲಾದಲ್ಲಿ ಇಳಿದದ್ದು 2020ರ ಜುಲೈ 29ರಂದು. ಆದ್ದರಿಂದ ತಡದ ಕಾಲಂಗೆ ಮಾರಾಟಗಾರ ಹೇಳಿದ ವರ್ಷ ಹಾಕಬೇಡಿ. ಅದೇ ದಾರಿಯಲ್ಲಿ ಹಿಂದೆ ನಡೆದ ಮೂರು ಖರೀದಿಗಳ ನಿಜ ವಿಳಂಬದ ಸರಾಸರಿ ಹಾಕಿ.

ಇನ್ನೆರಡು ಅಲುಗಾಟ ಬಾಕಿ. 2010ರ ಹೊತ್ತಿಗೆ ಡಾಲರಿಗೆ 45–46 ರೂಪಾಯಿ ಇತ್ತು, 2024ಕ್ಕೆ 83ರ ಮೇಲೆ. ವರ್ಷಕ್ಕೆ ಶೇ 4ಕ್ಕೂ ಮೇಲಿನ ಕುಸಿತ. ಮೇಲಿನ ಆಮದು ಲೆಕ್ಕದ ನಿರ್ವಹಣೆಯೆಲ್ಲ ಡಾಲರಿನಲ್ಲಿದ್ದು ವರ್ಷಕ್ಕೆ ಶೇ 4ರಂತೆ ಏರಿದರೆ 2,760 ಕೋಟಿ ಇದ್ದದ್ದು ಸುಮಾರು 4,394 ಆಗುತ್ತದೆ, ಫಿರಂಗಿ-ವರ್ಷದ ಬೆಲೆ 5 ಕೋಟಿ ದಾಟುತ್ತದೆ. ಎರಡನೆಯದು ಇಂದಿನ ಮೌಲ್ಯ. ಶೇ 7ರ ದರದಲ್ಲಿ ಹತ್ತು ವರ್ಷದ ನಂತರ ಕೊಡುವ ಒಂದು ಕೋಟಿ ಇಂದಿಗೆ ಸುಮಾರು 51 ಲಕ್ಷಕ್ಕೆ ಸಮ, ಇಪ್ಪತ್ತು ವರ್ಷದ ನಂತರದ್ದು 26 ಲಕ್ಷಕ್ಕೆ. ಇಲ್ಲಿ ಒಂದು ಜಾರು ಮೆಟ್ಟಿಲು ಇದೆ. ಖರ್ಚನ್ನು ಮಾತ್ರ ಹೀಗೆ ಇಳಿಸಿ ಫಿರಂಗಿ-ವರ್ಷಗಳನ್ನು ಹಾಗೇ ಬಿಟ್ಟರೆ, ಖರ್ಚನ್ನು ಮುಂದಕ್ಕೆ ತಳ್ಳುವ ದಾರಿಗಳೆಲ್ಲ ಸುಳ್ಳೇ ಅಗ್ಗವಾಗಿ ಕಾಣುತ್ತವೆ. ಎರಡನ್ನೂ ಒಂದೇ ದರದಲ್ಲಿ ಇಳಿಸಿ.

ಹಂತ 6: ಕೀಲಿಕೈ ಯಾರ ಕಿಸೆಯಲ್ಲಿ?

ರೂಪಾಯಿಗೆ ಸಿಗದ ಕಾಲಂ ಇದು. ಶಸ್ತ್ರವನ್ನು ಐದು ಭಾಗ ಮಾಡಿ: ಎಂಜಿನ್, ಗುರಿಯಿಡುವ ಸೆನ್ಸರ್, ಸಾಫ್ಟ್‌ವೇರ್, ಮದ್ದುಗುಂಡು, ಬಿಡಿಭಾಗ. ಪ್ರತಿಯೊಂದರ ಮುಂದೆ ‘ಯಾರು ಕೊಡದಿದ್ದರೆ ನಿಲ್ಲುತ್ತದೆ’ ಎಂದು ಬರೆಯಿರಿ.

ತೇಜಸ್ ಮಾರ್ಕ್-1ಎ ನಮ್ಮದೇ ವಿನ್ಯಾಸ, 83 ವಿಮಾನಗಳಿಗೆ 2021ರ ಫೆಬ್ರವರಿಯಲ್ಲಿ ಒಪ್ಪಂದ. ಎಂಜಿನ್ ಮಾತ್ರ ಅಮೆರಿಕದ ಜಿಇ ಎಫ್404. 2021ರ ಆಗಸ್ಟಿನಲ್ಲಿ 99 ಎಂಜಿನ್‌ಗೆ ಆರ್ಡರ್ ಕೊಟ್ಟರೂ ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ, ವಿಮಾನಗಳೇ ಬರಲು ಶುರುವಾಗಬೇಕಿದ್ದ ಹೊತ್ತಿಗಿಂತ ಒಂದು ವರ್ಷ ತಡವಾಗಿ. ದೇಶಿ ಎಂಬ ಹಣೆಪಟ್ಟಿ ಇದ್ದರೂ ಕೀಲಿಕೈ ಹೊರಗಿರಬಹುದು.

ಮದ್ದುಗುಂಡಿನ ಉದಾಹರಣೆ ಇನ್ನೂ ನೋವಿನದು. ಆರು ಸ್ಕಾರ್ಪೀನ್ ಜಲಾಂತರ್ಗಾಮಿಗಳಿಗೆ 2005ರಲ್ಲಿ ಒಪ್ಪಂದವಾಗಿ, ಮೊದಲನೆಯದಾದ ಕಲ್ವರಿ 2017ರ ಡಿಸೆಂಬರಿನಲ್ಲಿ ಸೇವೆಗೆ ಸೇರಿತು. ಅದಕ್ಕೆ ಆರಿಸಿದ್ದ ಭಾರಿ ಟಾರ್ಪಿಡೊ ತಯಾರಕ ಕಂಪನಿ, ಮೊದಲ ಹಂತದಲ್ಲಿ ಹೇಳಿದ ಹೆಲಿಕಾಪ್ಟರ್ ವಿವಾದದ ಸಮೂಹಕ್ಕೇ ಸೇರಿದ್ದು. ಆ ಖರೀದಿ ಕೈಬಿಟ್ಟು ಹೋಯಿತು, ಹಳೆಯ ಮಾದರಿಯ ಟಾರ್ಪಿಡೊಗಳೇ ಗತಿಯಾದವು. ಹೊಸ ಭಾರಿ ಟಾರ್ಪಿಡೊ ಅಳವಡಿಸಲು 877 ಕೋಟಿ ರೂಪಾಯಿಯ ಒಪ್ಪಂದವಾದದ್ದು 2024ರ ಡಿಸೆಂಬರಿನಲ್ಲಿ. ಶಸ್ತ್ರವನ್ನೂ ಗುಂಡನ್ನೂ ಬೇರೆ ಬೇರೆ ಫೈಲಿನಲ್ಲಿ ಕೊಂಡರೆ ಒಂದು ಫೈಲು ನಿಂತಾಗ ಎರಡೂ ನಿಲ್ಲುತ್ತವೆ.

ತಂತ್ರಜ್ಞಾನ ವರ್ಗಾವಣೆ ಎಂಬ ಮಾತು ಬಂದಲ್ಲಿ ಆಳ ಕೇಳಿ. ಡ್ರಾಯಿಂಗ್ ಕೊಡುತ್ತಾರೋ, ಲೋಹದ ಮಿಶ್ರಣದ ಹದ ಹೇಳುತ್ತಾರೋ, ಹೀಟ್ ಟ್ರೀಟ್‌ಮೆಂಟಿನ ಕ್ರಮ ಕೊಡುತ್ತಾರೋ, ಸಾಫ್ಟ್‌ವೇರಿನ ಮೂಲ ಬರಹ ಕೊಡುತ್ತಾರೋ? ಡಬ್ಬದಲ್ಲಿ ಬಂದ ಭಾಗಗಳಿಗೆ ಇಲ್ಲಿ ಬೋಲ್ಟು ಬಿಗಿದರೂ ಅದಕ್ಕೆ ಭಾರತದಲ್ಲಿ ತಯಾರಿಕೆ ಎಂದೇ ಹೆಸರು. ಹರಿಹರದ ಕಿರ್ಲೋಸ್ಕರ್ ಲೇತ್ ಇಟ್ಟುಕೊಂಡವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆ ಮುಚ್ಚಿದರೂ ಗೇರು, ಬುಷ್ ಇಲ್ಲೇ ತಿರುಗಿಸಿಕೊಳ್ಳುವ ಕೈ ಇದ್ದರೆ ಲೇತ್ ಓಡುತ್ತದೆ. ಬೊಫೋರ್ಸ್ ಕಥೆಯೂ ಅದೇ. 1986ರಲ್ಲಿ 410 ಫಿರಂಗಿ ಕೊಂಡಾಗ ಜೊತೆಗೆ ಬಂದಿದ್ದ ಡ್ರಾಯಿಂಗುಗಳಿಂದಲೇ ಎಷ್ಟೋ ವರ್ಷದ ಮೇಲೆ ಧನುಷ್ ಫಿರಂಗಿ ಹುಟ್ಟಿತು. ಹಗರಣದ ಸದ್ದಿನಲ್ಲಿ ಕಪಾಟಿನಲ್ಲಿ ಮಲಗಿದ್ದ ಕಾಗದಗಳವು.

ಹಂತ 7: ಟೆಂಡರಿನ ನಿಯಮ ಹೇಗಿದೆ ನೋಡಿ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರೇಟು ಕೂಗುವ ಮೊದಲು ತೇವ ನೋಡುತ್ತಾರೆ. ರಕ್ಷಣಾ ಖರೀದಿಯ ಎರಡು ಲಕೋಟೆ ಪದ್ಧತಿಯೂ ಹಾಗೇ: ಮೊದಲು ತಾಂತ್ರಿಕ ಲಕೋಟೆ, ಮೈದಾನದ ಪರೀಕ್ಷೆ, ಪಾಸಾದವರ ಬೆಲೆ ಲಕೋಟೆ ಮಾತ್ರ ತೆರೆಯುವುದು, ಅದರಲ್ಲಿ ಕಡಿಮೆ ಬೆಲೆಯವನು ಎಲ್-1. ಪರೀಕ್ಷೆಗೆ ಉಪಕರಣ ತರುವ ಖರ್ಚು ಮಾರಾಟಗಾರನದೇ. ಇದರ ಕೊರತೆ ಏನೆಂದರೆ, ತೇವ ಶೇ 14 ಇದ್ದರೂ 10 ಇದ್ದರೂ ಪಾಸು ಪಾಸೇ. ಅಗತ್ಯಕ್ಕಿಂತ ಮೇಲಿನ ಗುಣಕ್ಕೆ ಬೆಲೆ ಸಿಗುವುದಿಲ್ಲ. ಹೆಚ್ಚಿನ ಸಾಮರ್ಥ್ಯಕ್ಕೆ ಒಟ್ಟಾರೆ ಶೇ 10ರವರೆಗೆ ಅಂಕದ ರಿಯಾಯಿತಿ ಕೊಡಲು ನಿಯಮದಲ್ಲಿ ಅವಕಾಶ ಇದೆ. ನೀವು ನೋಡುತ್ತಿರುವ ಟೆಂಡರಿನಲ್ಲಿ ಅದು ಇತ್ತೋ ಇಲ್ಲವೋ ಗುರುತು ಮಾಡಿ.

ಎಲ್-1ಗೇ ಎಲ್ಲವನ್ನೂ ಕೊಡಬೇಕೆಂದಿಲ್ಲ. 2025ರ ಮಾರ್ಚಿನಲ್ಲಿ 307 ಎಟಿಎಜಿಎಸ್ ಫಿರಂಗಿಗಳ ಆರ್ಡರನ್ನು ಎರಡು ಕಂಪನಿಗಳಿಗೆ 60:40 ಹಂಚಲಾಯಿತು: ಭಾರತ್ ಫೋರ್ಜ್‌ಗೆ 184, ಟಾಟಾದ ಕಂಪನಿಗೆ 123. ಎರಡು ಉತ್ಪಾದನಾ ಸಾಲು ಇಟ್ಟುಕೊಳ್ಳಲು ಖರ್ಚಾಗುತ್ತದೆ, ಆದರೆ ಒಂದು ಕಡೆ ಮುಷ್ಕರವೋ ಬೆಂಕಿಯೋ ಆದರೆ ಇನ್ನೊಂದು ಓಡುತ್ತಿರುತ್ತದೆ. ನಮ್ಮ ಮಟ್ಟಿಗೆ, ದಶಕಗಳ ಕಾಲ ಬೇಕಾಗುವ ಶಸ್ತ್ರಕ್ಕೆ ಆ ಹೆಚ್ಚುವರಿ ಖರ್ಚು ದಂಡವಲ್ಲ.

ಹಂತ 8: ದಾರಿಗಳನ್ನು ಬೆರೆಸಿ ನೋಡಿ

ಕೊನೆಗೆ ಒಂದೇ ದಾರಿ ಆರಿಸಬೇಕೆಂಬ ಹಟ ಬೇಡ. ಬೊಫೋರ್ಸ್ ನಂತರ ಸುಮಾರು ಮೂವತ್ತು ವರ್ಷ ಹೊಸ ದೊಡ್ಡ ಫಿರಂಗಿಯೇ ಬರಲಿಲ್ಲ. ಆಮೇಲೆ ಬಂದದ್ದು ಮಿಶ್ರಣ. ಹೆಲಿಕಾಪ್ಟರಿನಲ್ಲಿ ನೇತುಹಾಕಿ ಗುಡ್ಡಕ್ಕೆ ಒಯ್ಯಲು ಎಂ777, ಅದರಲ್ಲಿ 25 ಸಿದ್ಧವಾಗಿ ಬಂದವು, 120 ಇಲ್ಲಿ ಜೋಡಣೆಯಾದವು. ಮರಳುಗಾಡಿಗೆ ಕೊರಿಯಾದ ವಿನ್ಯಾಸದ ಕೆ9 ವಜ್ರ: 2017ರ ಒಪ್ಪಂದ, ಎಲ್ ಆ್ಯಂಡ್ ಟಿ ಹಜೀರಾದಲ್ಲಿ ಕಟ್ಟಿದ ನೂರೂ 2021ರ ಫೆಬ್ರವರಿಯೊಳಗೆ ಬಂದವು, ಅವಧಿಗೆ ಮುಂಚೆಯೇ. 2024ರ ಡಿಸೆಂಬರಿನಲ್ಲಿ ಇನ್ನೂ ನೂರಕ್ಕೆ ಆರ್ಡರ್. ಉದ್ದದ ಓಟಕ್ಕೆ ಎಟಿಎಜಿಎಸ್. ನಿಮ್ಮ ಹಾಳೆಯಲ್ಲೂ ‘20 ಆಮದು, 80 ದೇಶಿ’ ಎಂಬ ಒಂದು ಹೆಚ್ಚುವರಿ ಕಾಲಂ ಹಾಕಿ ಹಂತ 4ರ ಲೆಕ್ಕ ಮತ್ತೆ ಮಾಡಿ. ಅಡ್ಡಿ ಒಂದೇ, ಬಗೆ ಹೆಚ್ಚಿದಷ್ಟೂ ಬಿಡಿಭಾಗದ ಗೋದಾಮು, ತರಬೇತಿ ಎಲ್ಲ ಹೆಚ್ಚು. ಮೂರನೇ ಬಗೆ ಸೇರಿಸುವಾಗಲೆಲ್ಲ ನಿರ್ವಹಣೆಯ ಸಾಲನ್ನು ಶೇ 10–15 ಏರಿಸಿ ನೋಡಿ, ಆಗಲೂ ಲಾಭ ಉಳಿದರೆ ಮಾತ್ರ ಸೇರಿಸಿ.

ವರ್ಕ್‌ಶಾಪಿನವರಿಗೆ ಒಂದು ಮಾತು. ಯಾವ ದಾರಿ ಆಯ್ಕೆಯಾದರೂ ನಿಮ್ಮ ಬಾಗಿಲಿಗೆ ಬರುವುದು ಹಂತ 6ರಲ್ಲಿ ಹೇಳಿದ ಐದನೆಯದು, ಬಿಡಿಭಾಗ. ಆಮದಾಗುತ್ತಿರುವ ಯಾವ ಭಾಗಗಳನ್ನು ಇಲ್ಲಿ ಮಾಡಬಹುದೆಂಬ ಪಟ್ಟಿ 2020ರಿಂದ ರಕ್ಷಣಾ ಸಚಿವಾಲಯದ ಸೃಜನ್ ಪೋರ್ಟಲಿನಲ್ಲಿದೆ. ಹೊಸ ಆಲೋಚನೆ ಇದ್ದರೆ ಐಡೆಕ್ಸ್ ಯೋಜನೆಯಲ್ಲಿ ಒಂದೂವರೆ ಕೋಟಿಯವರೆಗೆ ಅನುದಾನ ಸಿಗಬಹುದು. ಕೊಟೇಶನ್ ಹಾಕುವ ಮೊದಲು ನೋಡಬೇಕಾದ್ದು ಮೂರು: ವರ್ಷಕ್ಕೆ ಎಷ್ಟು ನಗ, ತಪಾಸಣೆಗೆ ಯಾವ ಗೇಜು, ಹಣ ಎಷ್ಟು ದಿನಕ್ಕೆ. ವರ್ಷಕ್ಕೆ ನಲವತ್ತು ನಗದ ಭಾಗಕ್ಕಾಗಿ ಹೊಸ ಸಿಎನ್‌ಸಿ ಸಾಲಕ್ಕೆ ಕೈ ಹಾಕಬೇಡಿ. ಇರುವ ಯಂತ್ರದ ಖಾಲಿ ಪಾಳಿಯಲ್ಲಿ ಮೊದಲ ಎರಡು ಆರ್ಡರ್ ಮುಗಿಸಿ.

ಅಂಕಿಗಳನ್ನು ಎಲ್ಲಿಂದ ತರುವುದು ಎಂದು ಕೇಳಿದರೆ: ಒಪ್ಪಂದದ ಮೊತ್ತ, ಸಂಖ್ಯೆ ಸಚಿವಾಲಯದ ಪತ್ರಿಕಾ ಪ್ರಕಟಣೆಯಲ್ಲಿರುತ್ತವೆ, ವಿಳಂಬದ ವಿವರ ಸಿಎಜಿ ವರದಿಯಲ್ಲಿ ಮತ್ತು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಯಲ್ಲಿ, ಸೇನೆಗೆ ಏನು ಬೇಕಿದೆ ಎಂಬುದು ಅದು ಹೊರಡಿಸುವ ಮಾಹಿತಿ ಕೋರಿಕೆಯಲ್ಲಿ. ಎಷ್ಟು ಶೇಕಡ ಸಿದ್ಧವಿದೆ ಎಂಬ ಅಂಕಿ ಬಹಳ ಸಲ ಹೊರಗೆ ಬರುವುದಿಲ್ಲ. ಅಲ್ಲಿ ಒಂದೇ ಅಂಕಿ ಹಾಕದೆ ಶೇ 55, 65, 75 ಎಂದು ಮೂರು ಸಾಲು ಬರೆಯಿರಿ. ಹಾಳೆಯ ಕೆಳಗೆ ದಿನಾಂಕ, ವಿನಿಮಯ ದರ, ‘ಇಂದಿನವರೆಗೆ ಕೈಸೇರಿದ್ದು ಎಷ್ಟು’ ಎಂಬ ಮೂರು ಖಾನೆ ಇರಲಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಮೂರನೆಯ ಖಾನೆಯನ್ನು ತಿದ್ದಿ, ತಡದ ಕಾಲಂ ಬದಲಿಸಿ, ಮತ್ತೆ ಭಾಗಿಸಿ.